ಆಯಿಯ ಪಾದಕ್ಕೆ ಎಣ್ಣೆ ತಿಕ್ಕುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ (ಶಿರಸಿ):
ಅಡಿಕೆ ಕೊಯ್ಲು ಮುಗಿಯುವ ತನಕ ನಮ್ಮ ಆಯಿ ಅಡಿಕೆ ಬೇಯಿಸುವ ಒಲೆಯ ಮುಂದೆ ದಿನವಿಡೀ ನಿಂತಿರುತ್ತಾರೆ. ರಾತ್ರಿ ಅಂಗಾಲು ಸಿಡಿಯುತ್ತದೆಂದು ನಿದ್ದೆ ಮಾಡುವುದಿಲ್ಲ. ನಾನು ತೆಂಗಿನೆಣ್ಣೆ ಹಚ್ಚಿ ತಿಕ್ಕಲು ಕುಳಿತರೆ ಕಚಗುಳಿಯಾಗಿ ಕಾಲು ಎಳೆದುಕೊಳ್ಳುತ್ತಾರೆ, ತುಸು ಜೋರಾಗಿ ಒತ್ತಿದರೆ ನೋವೆನ್ನುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಎಲ್ಲಿಂದ ಆರಂಭಿಸಬೇಕು, ಎಷ್ಟು ಬಲ ಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಕಾರವಾರ):
ನಾನು ಇದನ್ನು ಕಲಿತದ್ದು ನಮ್ಮ ತಂದೆಯವರ ಕಾಲು ಒತ್ತುತ್ತಲೇ. ಬೆರಳ ತುದಿ ಹಗುರವಾಗಿ ಹರಿದಾಡಿದರೆ ಯಾರಿಗಾದರೂ ಕಚಗುಳಿಯಾಗುತ್ತದೆ. ಆದ್ದರಿಂದ ಮೊದಲು ಏನನ್ನೂ ತಿಕ್ಕದೆ, ಎರಡೂ ಅಂಗೈಗಳ ನಡುವೆ ಇಡೀ ಪಾದವನ್ನು ಹಿಡಿದು, ಅವರ ಉಸಿರು ನಿಧಾನವಾಗುವ ತನಕ ಹಾಗೆಯೇ ಇರಿ. ಅವರನ್ನು ಮಲಗಿಸಿ, ಮೊಣಕಾಲಿನ ಅಡಿಗೆ ದಿಂಬು ಕೊಟ್ಟು, ಹಿಮ್ಮಡಿಯನ್ನು ನಿಮ್ಮ ತೊಡೆಯ ಮೇಲೆ ಇಟ್ಟುಕೊಂಡರೆ ಇಬ್ಬರಿಗೂ ಆಯಾಸವಾಗದು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಬಿಗಿಯಾದ ಪಟ್ಟಿಯಿದೆ, ನಿಂತು ದಣಿಯುವುದು ಹೆಚ್ಚಾಗಿ ಅದೇ. ಎರಡೂ ಹೆಬ್ಬೆರಳುಗಳಿಂದ ಆ ದಾರಿಯಲ್ಲೇ, ಅವಸರವಿಲ್ಲದೆ ಒತ್ತುತ್ತ ಸಾಗಿ. ಹಿಮ್ಮಡಿಯ ದಪ್ಪ ಚರ್ಮ ಬೆರಳ ಗೆಣ್ಣಿನ ಬಲವನ್ನೂ ತಾಳುತ್ತದೆ, ಒಳಬದಿಯ ಕಮಾನು ತಾಳುವುದಿಲ್ಲ, ನಿಮ್ಮ ಆಯಿಗೆ ನೋವಾಗುತ್ತಿರುವುದು ಬಹುಶಃ ಅಲ್ಲಿಯೇ. ಒಂದು ಪಾದದಲ್ಲಿ 26 ಮೂಳೆಗಳಿರುವುದರಿಂದ ಬೆರಳುಗಳನ್ನು ಒಟ್ಟಿಗೆ ಮುರಿಯದೆ ಒಂದೊಂದಾಗಿ ಮೃದುವಾಗಿ ಎಳೆದು ಬಿಡಬೇಕು. ನಿಂತಲ್ಲೇ ನಿಂತಾಗ ಮೀನಖಂಡ ಕೆಲಸ ಮಾಡದೆ ರಕ್ತ ಕಾಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಕೊನೆಗೆ ಪಾದದಿಂದ ಮೊಣಕಾಲಿನ ಕಡೆಗೆ ನೀವಿ ಮುಗಿಸಿ. ಒಂದು ಕಾಲಿಗೆ ಹತ್ತು ನಿಮಿಷ ಸಾಕು.

ಉತ್ತರ (ಕುಮಟಾ):
ನಾನು ದಾದಿಯಾಗಿ ಕೆಲಸ ಮಾಡುತ್ತೇನೆ. ಸಕ್ಕರೆ ಕಾಯಿಲೆ ಎಂದು ಓದಿ ಸುಮ್ಮನಿರಲಾಗಲಿಲ್ಲ. ಈ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದಾದ್ದರಿಂದ ಕಾಲು ತೊಳೆಯುವ ಬಿಸಿನೀರು ಸುಟ್ಟರೂ ಅವರಿಗೆ ತಿಳಿಯದೆ ಹೋಗಬಹುದು; ನೀರಿನ ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಿ. ತಿಕ್ಕುವ ಮೊದಲು ದೀಪದ ಬೆಳಕಿನಲ್ಲಿ ಅಂಗಾಲನ್ನೂ ಬೆರಳ ಸಂದುಗಳನ್ನೂ ಪರೀಕ್ಷಿಸಿ. ಸಂದುಗಳಲ್ಲಿ ಎಣ್ಣೆ ಉಳಿಯಬಾರದು, ಅಲ್ಲಿ ಚರ್ಮ ಮೆತ್ತಗಾಗಿ ಶಿಲೀಂಧ್ರ ಬೆಳೆಯುತ್ತದೆ. ಒಂದೇ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಸಾಗುವ ಅಪಾಯವಿದೆ.

ಉತ್ತರ (ಸಿದ್ದಾಪುರ):
ಎಣ್ಣೆಯ ಬಗ್ಗೆ ಒಂದು ಮಾತು, ತಂಗಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಚಳಿಯ ರಾತ್ರಿಯಲ್ಲಿ ಅಂಗೈಯಲ್ಲಿ ಕರಗಿಸಿಕೊಳ್ಳಿ. ಹಿಮ್ಮಡಿ ಒಡೆದಿದ್ದರೆ ನಮ್ಮ ಮುರುಗಲು ತುಪ್ಪವನ್ನು (ಮುರುಗಲು, ಅಂದರೆ ಕೋಕಂ ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಕೊಬ್ಬನ್ನು) ಬಿಟ್ಟು ಬೇರೇನೂ ಬೇಕಿಲ್ಲ ಎಂಬುದು ನನ್ನ ನಂಬಿಕೆ. ಅದು ಸುಮಾರು 40 ಡಿಗ್ರಿಯಲ್ಲಿ ಮಾತ್ರ ಕರಗುವುದರಿಂದ ಕೈ ಜಾರುವುದಿಲ್ಲ. ತಿಕ್ಕಲು ತೆಂಗಿನೆಣ್ಣೆ, ಕೊನೆಗೆ ಒಡಕಿಗೆ ಸವರಲು ಮುರುಗಲು ತುಪ್ಪ ಇರಲಿ. ಹಳೆಯ ಪಂಚೆಯಿಂದ ಪಾದ ಒರೆಸದೆ ಅವರನ್ನು ನೆಲಕ್ಕೆ ಇಳಿಸಬೇಡಿ, ಜಾರುತ್ತದೆ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಪಾದವನ್ನು ಅಂಗೈಯಲ್ಲಿ ಸುಮ್ಮನೆ ಹಿಡಿದು ಕುಳಿತೆ, ಆಯಿ ಎಳೆದುಕೊಳ್ಳಲಿಲ್ಲ. ಆದರೆ ಎಡ ಹಿಮ್ಮಡಿಯ ಒಡಕಿನಲ್ಲಿ ಅಕ್ಕಿಕಾಳಿನಷ್ಟು ಗಾಯ ಕಂಡಿತು; ಅದಿರುವುದೇ ಅವರಿಗೆ ಗೊತ್ತಿರಲಿಲ್ಲ. ಇಂದು ವೈದ್ಯರಿಗೆ ತೋರಿಸುತ್ತೇವೆ, ಅಲ್ಲಿಯವರೆಗೆ ಬಲಗಾಲಿಗೆ ಮಾತ್ರ ಎಣ್ಣೆ.