ರಿಂಗ್ ಕಂಡ ತಕ್ಷಣ ಟಿಬಿನಾ?

(ಹಾಸನದ ಸುತ್ತಮುತ್ತಲಿನ ವೈದ್ಯರ ಗುಂಪಿನ ಮಾತುಕತೆ, ಹೆಸರಿನ ಬದಲು ಊರು. ವಿಷಯ: ಟಿಬಿ ಅಂತ ತಪ್ಪು ತಿಳಿಯಬಹುದಾದ ಮೆಲಿಯಾಯ್ಡೋಸಿಸ್, ಅಂದ್ರೆ ಮಣ್ಣು-ನೀರಿನ ಬ್ಯಾಕ್ಟೀರಿಯಾದ ಸೋಂಕು.)

ಅರಕಲಗೂಡು: (ಫಾರ್ವರ್ಡ್) "ಮಿದುಳಿನ ಎಂಆರ್‌ಐನಲ್ಲಿ ರಿಂಗ್ (ಉಂಗುರದಂತೆ ಹೊಳೆಯುವ ಗಂಟು) ಕಂಡರೆ ಟಿಬಿಯೇ. ಎಟಿಟಿ (ಟಿಬಿ ಔಷಧಿ), ಸ್ಟೆರಾಯ್ಡ್ ಶುರು ಮಾಡಿ, ಆಮೇಲೆ ನೋಡಿ." ನಮ್ಮ ಕಡೆಗೆ ಇದೇ ಸರಿ ಅನ್ಸುತ್ತೆ.

ಹಾಸನ ರೇಡಿಯಾಲಜಿ: ಡಿಫ್ಯೂಷನ್ (ನೀರಿನ ಕಣಗಳ ಚಲನೆ ತೋರಿಸೋ ಎಂಆರ್‌ಐ ಚಿತ್ರ) ಮಾತೇ ಇಲ್ವಲ್ಲ ಇದ್ರಲ್ಲಿ! ರಿಂಗಿನ ನಡುಭಾಗ ಡಿಫ್ಯೂಷನ್‌ನಲ್ಲಿ ಬೆಳ್ಳಗೆ, ಅದರ ಜೋಡಿ ಚಿತ್ರ ಎಡಿಸಿಯಲ್ಲಿ ಕಪ್ಪಗೆ ಇದ್ರೆ ಮೊದ್ಲು ಕೀವು ಅನ್ಕೊಳ್ಳಿ.

ಅರಕಲಗೂಡು: ಒಳಗೆ ಕರಗಿದ ಟ್ಯೂಬರ್ಕುಲೋಮಾನೂ (ಟಿಬಿ ಗಂಟು) ಹಾಗೇ ಕಾಣುತ್ತೆ ಸ್ವಾಮಿ.

ಹಾಸನ ರೇಡಿಯಾಲಜಿ: ಕಾಣುತ್ತೆ. ಅದಕ್ಕೇ ಮಿದುಳಿನ ಕೀವು ತೆಗೆದು ಪರೀಕ್ಷಿಸಿ ಅನ್ನೋದು. ಬೆನ್ನಿಂದ ನೀರು ತೆಗೆಯೋದಲ್ಲ ಮತ್ತೆ, ಒತ್ತಡ ಇರೋ ಮಿದುಳು ಕೆಳಕ್ಕೆ ಜಾರುತ್ತೆ.

ಅರಕಲಗೂಡು: ತಾಲೂಕಲ್ಲಿ ನ್ಯೂರೋಸರ್ಜನ್ನನ್ನ ಎಲ್ಲಿಂದ ತರೋಣ?

ಬೇಲೂರು ಮೈಕ್ರೋ: ಶುಂಠಿ ಹೊಲದವನು, ಸಕ್ಕರೆ ಕಾಯಿಲೆ, ಮಳೆಗಾಲದಲ್ಲಿ ಜ್ವರ ಅಂದ್ರೆ ಮೆಲಿಯಾಯ್ಡೋಸಿಸ್ ನೆನಪಿರ್ಲಿ. ಹೊಟ್ಟೆಗೆ ಅಲ್ಟ್ರಾಸೌಂಡ್ ಮಾಡ್ಸಿ. ಗುಲ್ಮದಲ್ಲೋ ಯಕೃತ್ತಲ್ಲೋ ಪ್ರಾಸ್ಟೇಟಲ್ಲೋ ಬಾವು ಸಿಕ್ರೆ ಆ ಕೀವನ್ನೂ ಕಳ್ಸಬಹುದು. ಜೊತೆಗೆ ರಕ್ತ, ಮೂತ್ರ, ಗಂಟಲಿನ ಸ್ವ್ಯಾಬ್. ರೋಗಿ ತಡೆದುಕೊಳ್ಳೋ ಹಾಗಿದ್ರೆ ಇಷ್ಟೂ ಆಂಟಿಬಯಾಟಿಕ್‌ಗೆ ಮುಂಚೆ.

ಮೂಡಿಗೆರೆ: ಕಲ್ಚರ್ ಕಳ್ಸಿದ್ರೆ "ಸ್ಯೂಡೋಮೊನಾಸ್ ಸ್ಪೀಶೀಸ್" ಅಂತ ಬರುತ್ತೆ. ಕಂಟಾಮಿನೆಂಟ್ (ಹೊರಗಿಂದ ಸೇರಿದ ಕಲ್ಮಶ) ಅಂತ ಪಕ್ಕಕ್ಕಿಡ್ತಾರೆ.

ಬೇಲೂರು ಮೈಕ್ರೋ: ಮೋಸ ಹೋಗೋದೇ ಅಲ್ಲಿ! ಆಕ್ಸಿಡೇಸ್ ಅನ್ನೋ ಲ್ಯಾಬ್ ಪರೀಕ್ಷೆ ಪಾಸಿಟಿವ್, ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗಲ್ಲ, ಆದ್ರೆ ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತೆ. ಮಾಮೂಲಿ ಸ್ಯೂಡೋಮೊನಾಸ್ ಏರುಜಿನೋಸಾನೂ ಆಕ್ಸಿಡೇಸ್ ಪಾಸಿಟಿವ್ವೇ, ಆದ್ರೆ ಔಷಧಿಗಳ ವಿಷಯದಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಮೂರೂ ಕೂಡಿ ಬಂದ್ರೆ ಬುರ್ಖೋಲ್ಡೇರಿಯಾ ಸ್ಯೂಡೋಮ್ಯಾಲಿ (ಮೆಲಿಯಾಯ್ಡೋಸಿಸ್ ತರೋ ಬ್ಯಾಕ್ಟೀರಿಯಾ) ಅಂತ ಅನುಮಾನಿಸಿ ಲ್ಯಾಬ್‌ಗೆ ಫೋನ್ ಮಾಡಿ. ಲ್ಯಾಬ್ ಯಂತ್ರ ಕೆಲವೊಮ್ಮೆ ಇದನ್ನ ಅದರ ಸೋದರ ಬ್ಯಾಕ್ಟೀರಿಯಾ ಸೆಪೇಸಿಯಾ ಅಂತಾನೂ ತೋರಿಸುತ್ತೆ. ಕಲ್ಚರ್ ಪ್ಲೇಟ್ ಮೂಸಬೇಡಿ, ಸುರಕ್ಷತಾ ಕ್ಯಾಬಿನೆಟ್ ಒಳಗೇ ತೆಗೀರಿ.

ಅರಕಲಗೂಡು: ಸರಿ, ಮಾಮೂಲಿ ಆಂಟಿಬಯಾಟಿಕ್ ಸೆಫ್ಟ್ರಿಯಾಕ್ಸೋನ್ ಅಂತೂ ಓಡ್ತಿರುತ್ತಲ್ಲ?

ಸಕಲೇಶಪುರ ಫಿಸಿಶಿಯನ್: ಮೆಲಿಯಾಯ್ಡೋಸಿಸ್‌ಗೆ ಅದನ್ನ ನೆಚ್ಚಬೇಡಿ. ಮಿದುಳಿಗೆ ಹತ್ತಿದ್ರೆ ಮೆರೊಪೆನೆಮ್ ಇಂಜೆಕ್ಷನ್ 2 ಗ್ರಾಂ, 8 ಗಂಟೆಗೊಮ್ಮೆ, ಕನಿಷ್ಠ 8 ವಾರ. 1 ಗ್ರಾಂ ವಯಲ್ ಲೆಕ್ಕದಲ್ಲಿ 336 ಆಯ್ತು, ಮನೆಯವರಿಗೆ ಮೊದಲ ದಿನವೇ ಹೇಳ್ಬಿಡಿ. ಶುರುವಿನಿಂದಲೇ ಕೋಟ್ರೈಮಾಕ್ಸಜೋಲ್ ಸೇರಿಸಿ: 60 ಕೆಜಿ ಮೇಲಿದ್ರೆ ದಿನಕ್ಕೆರಡು ಸಲ ಎರಡೆರಡು ಡಬಲ್ ಸ್ಟ್ರೆಂತ್ ಮಾತ್ರೆ. ಕಿಡ್ನಿ ಸೋತಿದ್ರೆ ಎರಡನ್ನೂ ಇಳಿಸಬೇಕು. ಇಂಜೆಕ್ಷನ್ ಮುಗಿದ ಮೇಲೂ ಕೋಟ್ರೈಮಾಕ್ಸಜೋಲ್ ಮಾತ್ರೆ 6 ತಿಂಗಳು. ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತಕಣ ನೋಡ್ತಿರಿ. ಜ್ವರ ಬಿಟ್ಟ ವಾರಕ್ಕೇ ಡಿಸ್ಚಾರ್ಜ್ ಕೇಳ್ತಾರೆ, ಮಣೀಬೇಡಿ.

ಮೂಡಿಗೆರೆ: ಫಿಟ್ಸ್ ಬಂದ್ರೆ ವಾಲ್ಪ್ರೊಯೇಟ್?

ಸಕಲೇಶಪುರ ಫಿಸಿಶಿಯನ್: ಮೆರೊಪೆನೆಮ್ ಜೊತೆ ಬೇಡವೇ ಬೇಡ. ವಾಲ್ಪ್ರೊಯೇಟ್ ಮಟ್ಟ ಒಂದೆರಡು ದಿನದಲ್ಲೇ ಕುಸಿಯುತ್ತೆ, ಡೋಸ್ ಏರಿಸಿದ್ರೂ ಮೇಲೇಳಲ್ಲ. ಬದಲಿಗೆ ಲೆವೆಟಿರಾಸಿಟಮ್ ಹಾಕಿ.

ಅರಕಲಗೂಡು: ಟಿಬಿ ಅನುಮಾನ ನಾನಿನ್ನೂ ಬಿಟ್ಟಿಲ್ಲ.

ಬೇಲೂರು ಮೈಕ್ರೋ: ಬಿಡಬೇಡಿ. ಅದೇ ಕೀವಲ್ಲಿ ಸ್ವಲ್ಪ ಟಿಬಿ ಪತ್ತೆಯ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಕಳ್ಸಿ.