ಮುಂದಿನ ಸಾಲಿನಲ್ಲಿ ನಿಂತೆ, ಒಂದು ಮಾತೂ ಕೇಳಿಸಲಿಲ್ಲ

ಗೋಕುಲ ರೋಡ್ ಗುಮಾಸ್ತ:
ಎಲ್ಲರಿಗೂ ನಮಸ್ಕಾರ. ಒಂದು ದೂರು ಇದೆ, ಅದರ ಬಾಲಕ್ಕೆ ಒಂದು ಪ್ರಶ್ನೆ. ಬ್ಯಾಂಡಿನ ಹೆಸರು ಹಾಕುವುದಿಲ್ಲ. ಬೈದರೂ ಅವರು ನನ್ನವರೇ.

ನಾನು ಹುಬ್ಬಳ್ಳಿ ಗೋಕುಲ ರೋಡಿನ ಬೇರಿಂಗ್ ಅಂಗಡಿಯಲ್ಲಿ ಬಿಲ್ ಬರೆಯುತ್ತೇನೆ. ಮನೆ ಧಾರವಾಡದಲ್ಲಿ. ಮೂರು ವರ್ಷದಿಂದ ಚಿಗರಿ ಬಸ್ಸಿನಲ್ಲಿ ಹೋಗ್ತಾ ಬರ್ತಾ ಕಿವಿಯಲ್ಲಿ ಇವರದ್ದೇ ಹಾಡು. ನಾಲ್ಕೇ ಜನ. ಷರೀಫರ ತತ್ವಪದಗಳನ್ನು ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಹಾಡುತ್ತಾರೆ. ರಘು ದೀಕ್ಷಿತ್ 2008ರಲ್ಲಿ ತಮ್ಮ ಮೊದಲ ಆಲ್ಬಮಿನಲ್ಲೇ ಷರೀಫರನ್ನು ಹಾಡಿದ್ದರಲ್ಲ, ಆ ದಾರಿಯವರು. ಆದರೆ ಇವರನ್ನು ಬಲ್ಲವರು ಕಡಿಮೆ. ಅದಕ್ಕೇ ನನಗೆ ಸಲಿಗೆ ಜಾಸ್ತಿ.

ಹೋದ ತಿಂಗಳು ವಿದ್ಯಾನಗರದ ಒಂದು ಕೆಫೆಯ ಮಾಳಿಗೆಯಲ್ಲಿ ಹಾಡಿದರು. ಟಿಕೆಟ್ 350 ರೂಪಾಯಿ, ಎಂಬತ್ತು ಜನ ಹಿಡಿದರೆ ಹೆಚ್ಚು. ಒಂದೂವರೆ ತಾಸು ಮೊದಲೇ ಹೋಗಿ ನಟ್ಟನಡುವೆ, ಎಲ್ಲರಿಗಿಂತ ಮುಂದೆ ಜಾಗ ಹಿಡಿದೆ. ಡ್ರಮ್ಸ್‌ನವನ ಹಣೆಯ ಬೆವರು ಎಣಿಸಬಹುದಿತ್ತು.

ಹಾಡು ಶುರುವಾಯಿತು. ಹಾಡುವವನ ತುಟಿ ಅಲ್ಲಾಡುತ್ತಿದೆ, ಮಾತಿಲ್ಲ! ಬರೀ ಢಂ ಢಂ. ಒಂದು ಪದದಲ್ಲಿ ಅವನು ಗುರುವಿನ ಹೆಸರು ಬರುವ ಕಡೆ ದನಿ ಇಳಿಸಿ, ಒಂದು ಉಸಿರು ನಿಂತು, ಮತ್ತೆ ಎತ್ತಿಕೊಳ್ಳುತ್ತಾನೆ. ಅದನ್ನು ಎದುರು ನಿಂತು ಕೇಳಬೇಕು ಅಂತಲೇ ನಾನು ಹೋದದ್ದು. ಸರಿಯಾಗಿ ಅಲ್ಲೇ ತಾಳದ ತಟ್ಟೆ ಝಲ್ ಅಂದಿತು. ಮುಗಿಯಿತು.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ತಡವಾಗಿ ಬಂದು ಬಾಗಿಲ ಹತ್ತಿರ ನಿಂತಿದ್ದ ಗೆಳೆಯನ ಮೊಬೈಲ್ ವಿಡಿಯೊದಲ್ಲಿ ಎಲ್ಲ ಮಾತೂ ಸ್ಪಷ್ಟ! ನನಗೆ ಮಾತ್ರ ಮರುದಿನ ಮಧ್ಯಾಹ್ನದವರೆಗೆ ಕಿವಿಯಲ್ಲಿ ಗುಂಯ್. ಮಾಲಕರು 6205 ಬೇರಿಂಗ್ ಅಂದದ್ದನ್ನು 6305 ಅಂತ ಬರೆದು ಬೈಸಿಕೊಂಡೆ.

ತಪ್ಪು ಯಾರದ್ದು? ಬ್ಯಾಂಡಿನದೋ, ಕೋಣೆಯದೋ, ನನ್ನ ಕಿವಿಯದೋ? ಮುಂದಿನ ತಿಂಗಳು ಧಾರವಾಡಕ್ಕೆ ಬರುತ್ತಿದ್ದಾರೆ. ಹೋಗಲೋ, ಬಸ್ಸಿನಲ್ಲೇ ಕೇಳಿಕೊಂಡಿರಲೋ?

ಗದಗಿನ ಮೈಕ್‌ಸೆಟ್:
ತಮ್ಮಾ, ನೀನು ನಿಂತ ಜಾಗವೇ ತಪ್ಪು.

ಡ್ರಮ್ಸ್‌ಗೆ ಸಣ್ಣ ಕೋಣೆಯಲ್ಲಿ ಮೈಕೇ ಬೇಡ, ಕೋಲು ಬಿದ್ದರೆ ಸಾಕು. ಗಿಟಾರಿನ ಸ್ಪೀಕರ್ ಡಬ್ಬಿಯೂ ವೇದಿಕೆ ಮೇಲೇ ಕೂತು ನೇರ ನಿನ್ನ ಹೊಟ್ಟೆಗೆ ಬಾರಿಸುತ್ತದೆ. ಹಾಡುವವನ ದನಿ ಹಾಗಲ್ಲ. ಅದು ಎಡಬಲದ ದೊಡ್ಡ ಸ್ಪೀಕರಿನಿಂದ ಬರಬೇಕು. ಅವುಗಳ ಬಾಯಿ ಇರುವುದು ಜನರ ಕಡೆಗೆ. ನಟ್ಟನಡುವೆ, ಎಲ್ಲರಿಗಿಂತ ಮುಂದೆ ನಿಂತವನ ಪಕ್ಕದಿಂದ ದನಿ ಹಾಯ್ದು ಹಿಂದೆ ಹೋಗುತ್ತದೆ. ಹಾಡುವವನ ಕಾಲ ಬಳಿ ಒಂದು ಸ್ಪೀಕರ್ ಇತ್ತಲ್ವಾ? ಅದು ಅವನು ಕೇಳಿಸಿಕೊಳ್ಳುವುದಕ್ಕೆ, ನಿನಗೆ ಅದರ ಬೆನ್ನು.

ದನಿ ಏರಿಸಬಹುದಿತ್ತಲ್ಲ ಅಂತೀಯಾ? ಒಂದು ಮಿತಿ ದಾಟಿದರೆ ಸ್ಪೀಕರಿನ ಸದ್ದೇ ಮತ್ತೆ ಮೈಕಿಗೆ ಹೊಕ್ಕು ಕೀಂಯ್ ಅನ್ನುತ್ತದೆ. ಆಮೇಲೆ ಇರುವ ದಾರಿ ಒಂದೇ, ಡ್ರಮ್ಸ್‌ನವನು ಮೆಲ್ಲಗೆ ಬಾರಿಸಬೇಕು. ಅದನ್ನು ಅವನಿಗೆ ಹೇಳಿ ನಾನು ಎಷ್ಟು ಸಲ ಜಗಳ ಕಾದಿದ್ದೇನೆ, ಬಿಡು.

ಮಿಕ್ಸರ್‌ನವನು ಎಲ್ಲಿ ಕೂತಿದ್ದ? ಬಾಗಿಲ ಕಡೆಗೇ ಇರಬೇಕು. ದನಿ, ವಾದ್ಯ ಎಲ್ಲದರ ಸದ್ದನ್ನೂ ಅವನು ತನ್ನ ಕಿವಿಗೆ ಸರಿ ಕಂಡಂತೆ ಹೊಂದಿಸುತ್ತಾನೆ. ನಿನ್ನ ಗೆಳೆಯ ಅವನ ಬಾಜೂ ನಿಂತಿದ್ದ, ಅಷ್ಟೇ. ಇನ್ನು ಕೆಳಗೆ ಟೈಲ್ಸ್, ಎದುರಿಗೆ ಗಾಜು ಇದ್ದರೆ ಸದ್ದು ಚೆಂಡಿನ ಹಾಗೆ ಪುಟಿಯುತ್ತದೆ. ಕಂಪನಿ ನಾಟಕದಲ್ಲಿ ಮೈಕು ಮೇಲಿಂದ ತೂಗುಬಿಟ್ಟು, ಕೆಳಗೆ ಪರದೆ, ಬಟ್ಟೆ. ಹಿಂದಿನ ಸಾಲಿಗೂ ಮಾತು ಮುಟ್ಟುತ್ತಿತ್ತು.

ಮಾಳಮಡ್ಡಿ ಕಾಕು:
ನಾನು ಇದನ್ನು ಒಪ್ಪುವುದಿಲ್ಲ. ಧಾರವಾಡದ ಮನೆ ಬೈಠಕ್‌ಗಳಲ್ಲಿ ಜಮಖಾನೆ ಮೇಲೆ ಗಾಯಕರ ಮೊಣಕಾಲಿಗೆ ತಾಗಿ ಕೂತು ಕೇಳಿದವಳು ನಾನು. ಮೈಕು ಇರಲಿಲ್ಲ. ತಂಬೂರಿಯ ತಂತಿ ಮಿಡಿದದ್ದೂ ಕೇಳುತ್ತಿತ್ತು. ಮುಂದೆ ಕೂತವರಿಗೇ ಕೇಳದ ಹಾಡು ಅದೆಂಥ ಹಾಡು? ಅದರಲ್ಲೂ ಷರೀಫರ ಪದ! ಅದರಲ್ಲಿ ಮಾತು ಹೋದರೆ ಉಳಿಯುವುದೇನು, ಬರೀ ತಾಳ. ಸಿ. ಅಶ್ವತ್ಥ್ ಅಷ್ಟು ಎತ್ತರದ ದನಿಯಲ್ಲಿ ಹಾಡಿದರೂ ಒಂದು ಮಾತು ಕಳೆಯುತ್ತಿರಲಿಲ್ಲ.

ಗದಗಿನ ಮೈಕ್‌ಸೆಟ್:
ಕಾಕೂ, ತಬಲಾದವರು ಗಾಯಕರ ಮುಖ ನೋಡಿ ಕೈ ತಡೆಯುತ್ತಾರೆ. ಈ ಹುಡುಗರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಎಲ್ಲರೂ ಮೊಬೈಲ್ ನೋಡುತ್ತಾರೆ.

ರಾಣೇಬೆನ್ನೂರು ಜಿನ್ನಿಂಗ್:
ಹಾಡಿನ ವಿಷಯ ನೀವು ಮಾತಾಡಿಕೊಳ್ಳಿ. ಆ ಗುಂಯ್ ಅನ್ನುವುದನ್ನು ಸುಮ್ನೆ ಬಿಡಬೇಡಿ. ನಾನು ಹತ್ತಿ ಮಿಲ್ಲಿನಲ್ಲಿ ಹನ್ನೊಂದು ವರ್ಷ ಮಶೀನಿನ ಬಾಜೂ ನಿಂತವನು. ಈಗ ಮೊಮ್ಮಗಳು ಎರಡು ಸಲ ಕರೆಯಬೇಕು. ನಮಗೆ ಆಮೇಲೆ ಹೇಳಿಕೊಟ್ಟ ಲೆಕ್ಕ ಹೀಗಿತ್ತು: 85 ಡೆಸಿಬಲ್ ಸದ್ದಿನಲ್ಲಿ 8 ತಾಸು ಇರಬಹುದು. ಅಲ್ಲಿಂದ 3 ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಹೋದರೆ ಕಾಲು ತಾಸು ಮಾತ್ರ. ಕಿವಿಯೊಳಗಿನ ಸಣ್ಣ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಫೋಮಿನ ಇಯರ್‌ಪ್ಲಗ್ ಅಗ್ಗಕ್ಕೆ ಸಿಗುತ್ತದೆ, ಹಿಂಡಿ ಸಣ್ಣ ಮಾಡಿ ಒಳಗೆ ಹಾಕಬೇಕು. ಹತ್ತಿ ತುರುಕಿದರೆ ಉಪಯೋಗವಿಲ್ಲ. ಹತ್ತಿ ಮಿಲ್ಲಿನವನೇ ಹೇಳುತ್ತಿದ್ದೇನೆ, ನಂಬಿ.

ಗೋಕುಲ ರೋಡ್ ಗುಮಾಸ್ತ:
ಅಣ್ಣಾ, ಗೆಳೆಯನನ್ನು ಕೇಳಿದೆ. ಮಿಕ್ಸರ್‌ನವನು ಬಾಗಿಲ ಪಕ್ಕದಲ್ಲೇ ಕೂತಿದ್ದನಂತೆ. ಗೆಳೆಯ ಅವನ ಕುರ್ಚಿಗೆ ಒರಗಿಯೇ ವಿಡಿಯೊ ತೆಗೆದದ್ದು! ಒಂದೂವರೆ ತಾಸು ಮೊದಲೇ ಹೋಗಿ ನಾನು ಸಾಧಿಸಿದ್ದು ಇಷ್ಟು.

ರಾಣೇಬೆನ್ನೂರಿನ ಕಾಕಾ, ನಮ್ಮ ಅಂಗಡಿ ಸಾಲಿನಲ್ಲೇ ಇಯರ್‌ಪ್ಲಗ್ ಸಿಕ್ಕಿತು. ಧಾರವಾಡಕ್ಕೆ ಎರಡು ಟಿಕೆಟ್ ತೆಗೆದಿದ್ದೇನೆ. ಗೆಳೆಯ ಒಲ್ಲೆ ಅನ್ನುತ್ತಿದ್ದಾನೆ. ಮಾಳಮಡ್ಡಿ ಕಾಕೂ, ನೀವು ಬರ್ತೀರಾ?

ಮಾಳಮಡ್ಡಿ ಕಾಕು:
ಬರುತ್ತೇನೆ. ಆದರೆ ಬಾಗಿಲ ಬಳಿ ನಿಲ್ಲುವುದಿಲ್ಲಪ್ಪಾ, ಕುರ್ಚಿ ಬೇಕು.