‘ಬೆರಳು ಜಜ್ಜಿಕೊಂಡ’: ಜಜ್ಜಿದ್ದು ಯಾರು?

ಬಲ್ಲವರಲ್ಲಿ ಒಂದು ಪ್ರಶ್ನೆ. ಗಾಯದ ಮಾತಿಗೆ ‘ಕೊಳ್ಳು’ ಸೇರಿದರೆ ತಪ್ಪೂ ಗಾಯಾಳುವಿನದೇ ಎಂಬ ಅರ್ಥ ಬರುತ್ತದೆಯೇ?

ಶಿವಮೊಗ್ಗದಲ್ಲಿ ಪವರ್ ಟಿಲ್ಲರ್, ಅಡಿಕೆ ಸುಲಿಯುವ ಯಂತ್ರಗಳ ರಿಪೇರಿ ಮಾಡುವ ಕಡೆ ನಾನು ಲೆಕ್ಕಪತ್ರ ಬರೆಯುತ್ತೇನೆ. ಕಳೆದ ಕೊಯ್ಲಿನ ಹೊತ್ತಿಗೆ ಹುಡುಗನೊಬ್ಬ ಟಿಲ್ಲರಿನ ಬೆಲ್ಟು ಬಿಗಿಯಿದೆಯೇ ಎಂದು ಒತ್ತಿ ನೋಡುತ್ತಿದ್ದ. ಅದನ್ನು ಕಾಣದೆ ಇನ್ನೊಬ್ಬರು ಹ್ಯಾಂಡಲ್ ತಿರುಗಿಸಿದರು. ತೋರುಬೆರಳು ಬೆಲ್ಟಿಗೂ ಅದು ಸುತ್ತುವ ಪುಲ್ಲಿ ಚಕ್ರಕ್ಕೂ ನಡುವೆ ಸಿಕ್ಕಿತು. ‘ಕೆಲಸದ ವೇಳೆ ಬೆರಳು ಜಜ್ಜಿಕೊಂಡಿದ್ದಾನೆ’ ಎಂದು ವರದಿಯಲ್ಲಿ ಬರೆದವನು ನಾನೇ. ಓದಿ ಹೇಳಿದಾಗ ಅವನು, ‘ನಾನು ಜಜ್ಜಿಕೊಳ್ಳಲಿಲ್ಲವಲ್ಲ ಅಣ್ಣ’ ಎಂದ. ಅವನ ಮಾತು ಸರಿ ಎಂದೇ ನನಗೆ ಅನಿಸುತ್ತದೆ.

‘ಕೊಳ್ಳು’ ಒಂದೇ ಇಲ್ಲಿ ಅಪರಾಧಿಯಲ್ಲ. ‘ಕೈ ಊದಿಕೊಂಡಿತು’, ‘ಬೆರಳು ಸಿಕ್ಕಿಕೊಂಡಿತು’ ಎಂದರೆ ಯಾರ ಮೇಲೂ ದೂರಿಲ್ಲ, ತಾನಾಗಿಯೇ ಆದದ್ದು. ಕರ್ತೃವಿನ ಜಾಗಕ್ಕೆ ಮನುಷ್ಯ ಬಂದು ನಿಂತಾಗಲೇ ತೊಡಕು. ‘ಪೆಟ್ಟಾಯಿತು’ ಎಂಬುದಕ್ಕೂ ‘ಪೆಟ್ಟು ಮಾಡಿಕೊಂಡ’ ಎಂಬುದಕ್ಕೂ ಎಷ್ಟು ಅಂತರ! ಬಿಸಿ ಸೈಲೆನ್ಸರ್ ತಾಗಿದವನನ್ನು ‘ಕೈ ಸುಟ್ಟುಕೊಂಡ’ ಎಂದರಂತೂ, ವ್ಯಾಪಾರದಲ್ಲಿ ದುಡ್ಡು ಕಳೆದವನಿಗೆ ಹೇಳುವ ಮಾತೇ ನೆನಪಾಗುತ್ತದೆ. ಸಿಬಿರಿನ ವಿಷಯದಲ್ಲಿ ಮಾತ್ರ ಕನ್ನಡ ನ್ಯಾಯವಾಗಿದೆ: ‘ಸಿಬಿರು ಚುಚ್ಚಿತು’, ಮಾಡಿದ್ದು ಸಿಬಿರು.

ಇದು ಬರಿಯ ವ್ಯಾಕರಣದ ಮಾತಲ್ಲ. ಕಾರ್ಮಿಕರ ಪರಿಹಾರಕ್ಕೆಂದು 1923ರಲ್ಲಿ ಬಂದ ಕಾಯ್ದೆ, ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 14, ಹೆಬ್ಬೆರಳು ಹೋದರೆ ಶೇಕಡಾ 30 ನಷ್ಟವೆಂದು ಎಣಿಸಿತ್ತು. ಕೇವಲ ಅಜಾಗರೂಕತೆಗೆ ಪರಿಹಾರ ತಪ್ಪುತ್ತಿರಲಿಲ್ಲ. ಆದರೆ ರಕ್ಷಣೆಯ ಕವಚವನ್ನು ಬೇಕೆಂದೇ ತೆಗೆದದ್ದರಿಂದ ಗಾಯವಾಯಿತೆಂದಾದರೆ ತಪ್ಪಬಹುದಿತ್ತು. ಬೆಲ್ಟು ನೋಡಬೇಕಾದರೆ ಕವರ್ ಬಿಚ್ಚಲೇಬೇಕು. ಅಂಥಲ್ಲಿ ‘ಜಜ್ಜಿಕೊಂಡ’ ಎಂಬ ಒಂದು ಪದ ಓದುವ ಅಧಿಕಾರಿಯ ಮನಸ್ಸನ್ನು ಎತ್ತ ತಿರುಗಿಸೀತು?

‘ಬೆರಳು ಬೆಲ್ಟಿಗೆ ಸಿಕ್ಕಿ ಜಜ್ಜಿಹೋಯಿತು’ ಎಂದು ತಿದ್ದಿದೆ. ಹುಡುಗನ ಮೇಲಿನ ದೂರು ಹೋಯಿತು. ಹ್ಯಾಂಡಲ್ ತಿರುಗಿಸಿದವರೂ ಮಾಯವಾದರು. ಕೊನೆಗೆ ‘ಇನ್ನೊಬ್ಬರು ಹ್ಯಾಂಡಲ್ ತಿರುಗಿಸಿದ್ದರಿಂದ’ ಎಂದು ಮೊದಲಿಗೆ ಸೇರಿಸಿದೆ. ಉದ್ದವಾಯಿತು, ಆದರೆ ನಡೆದದ್ದು ಅದೇ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಯಂತ್ರಕ್ಕೆ ಕೈ ಸಿಕ್ಕಿದ್ದನ್ನು ಹೇಳಲು ಇದಕ್ಕಿಂತ ಚಿಕ್ಕದಾದ, ಯಾರ ಮೇಲೂ ದೂರು ಹೊರಿಸದ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.